ಪರವಾಗಿಲ್ಲ ಪುರಾಣ

ನನ್ನ ಮನೆಯಲ್ಲಿ ಅತ್ತೆ-ಸೊಸೆ ಜಗಳವಾಡುವುದಿಲ್ಲ. ಬೇರೆಯವರಿಗೆ ಇದು ಭಾಗ್ಯ, ನನಗೆ ಹೊಟ್ಟೆಯ ಮೇಲೆ ಹೊಡೆತ. ಏಕೆಂದರೆ ನಾನು ಟಿ.ವಿ. ಧಾರಾವಾಹಿಗಳಿಗೆ ಅತ್ತೆ-ಸೊಸೆ ಜಗಳ ಬರೆದುಕೊಟ್ಟು ಬದುಕುವ ಪ್ರಾಣಿ. ಏಳನೇ ಕ್ಲಾಸಿನಲ್ಲಿ ನಾನೂ ಶಾಲೆಯೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಅಂದಿನಿಂದ ನನಗೆ ಬರುವ ವಿದ್ಯೆ ಎರಡೇ: ಸಿಟ್ಟಾಗುವುದು, ಸಿಟ್ಟನ್ನು ಬರೆಯುವುದು.

ಆ ದಿನ ನಿರ್ದೇಶಕರು ನನ್ನ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಸೊಸೆಯ ಬಾಯಲ್ಲಿ ನಾನು ‘ನಿನ್ನ ಅಹಂಕಾರಕ್ಕೆ ಧಿಕ್ಕಾರ’ ಎಂದು ಹೇಳಿಸಿದ್ದೆ. ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ ಎಂದು ಕೇಳಿದರು.

"ಇದು ಜಗಳ ಅಲ್ಲ ಸ್ವಾಮಿ, ಭಾಷಣ. ಸೋಮವಾರ ನಿಜವಾದ ಜಗಳ ತನ್ನಿ. ಇಲ್ಲಾಂದ್ರೆ ಧಾರಾವಾಹಿ ಕನ್ನಡಕದೋನಿಗೆ ಹೋಗುತ್ತೆ."

ಕನ್ನಡಕದವನು ನನ್ನ ಎದುರಾಳಿ. ಅವನ ಮನೆಯಲ್ಲಿ ದಿನವೂ ಜಗಳ. ಪುಣ್ಯವಂತ, ಕಚ್ಚಾ ಮಾಲು ಊಟದ ತಟ್ಟೆಗೇ ಬಂದು ಬೀಳುತ್ತದೆ.

ಹಲ್ಲು ಕಚ್ಚಿ ಶಪಥ ಮಾಡಿದೆ: ಮನೆಗೆ ಬೆಂಕಿ ಹಚ್ಚಿಯಾದರೂ ಜಗಳ ತೆಗೆದೇ ತೀರುತ್ತೇನೆ. (ಬೆಂಕಿ ಎಂದರೆ ಚಾಡಿ. ಬಾಡಿಗೆ ಮನೆಗೆ ನಿಜವಾದ ಬೆಂಕಿ ಹಚ್ಚುವಷ್ಟು ದಡ್ಡ ನಾನಲ್ಲ.)

ಹಜಾರದ ಕಿಟಕಿಯ ಪಕ್ಕ ಅಮ್ಮನದೊಂದು ಕುರ್ಚಿಯಿದೆ, ಟಿ.ವಿ. ನೇರವಾಗಿ ಕಾಣುವ ಸಿಂಹಾಸನ. ಅದು ದಾರಿಗೆ ಅಡ್ಡ ಎಂದು ನಿನ್ನ ಸೊಸೆ ಅನ್ನುತ್ತಿದ್ದಾಳೆ ಎಂದು ಅಮ್ಮನ ಕಿವಿಯಲ್ಲಿ ಊದಿದೆ. ಅಮ್ಮ "ಪರವಾಗಿಲ್ಲ" ಎಂದು ತಾನೇ ಕುರ್ಚಿ ಎಳೆದುಕೊಂಡು ಹೋಗಿ, ಬಚ್ಚಲ ಬಾಗಿಲಲ್ಲಿ ವಾಷಿಂಗ್ ಮೆಷಿನ್ನಿಗೆ ಮುಖ ಮಾಡಿ ಕುಳಿತಳು. ಹೆಂಡತಿ ಬಂದು, ಇಲ್ಲೇಕೆ ಎಂದು ಕೇಳಿದಳು. ಇಲ್ಲಿ ಗಾಳಿ ಚೆನ್ನಾಗಿದೆ ಎಂದಳು ಅಮ್ಮ.

"ಪರವಾಗಿಲ್ಲ ಅತ್ತೆ, ನಿಮ್ಮಿಷ್ಟ."

ಹೀಗೆಂದು ಒಳಗೆ ಹೋದವಳು, ನೆಂಟರಿಗೆಂದು ಎತ್ತಿಟ್ಟ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ತಂದು ಅಮ್ಮನ ಮುಂದೆ ಹಿಡಿದಳು.

"ಪರವಾಗಿಲ್ಲ ಬಿಡಮ್ಮ, ನೀನೇ ಕುಡಿ."

"ಪರವಾಗಿಲ್ಲ ಅತ್ತೆ, ಚೆಲ್ತೀನಿ."

ಮೆಷಿನ್ನು ಗಡಗಡ ತಿರುಗಿತು. ನಾನು ಬಾಗಿಲ ಸಂದಿಯಲ್ಲಿ ಪೆನ್ನು ಹಿಡಿದು ಕಾದೆ. ಶಾಂತಿ. ಎಲ್ಲೆಲ್ಲೂ ದರಿದ್ರ ಶಾಂತಿ.

ಪಿತ್ತ ನೆತ್ತಿಗೇರಿತು. ಪೆನ್ನು ಬಿಸಾಡಿ ನಡುವೆ ನುಗ್ಗಿದೆ. ಎಂಥ ಹೆಂಗಸರು ನೀವು, ಇಲ್ಲಿ ನನ್ನ ಅನ್ನಕ್ಕೇ ಕಲ್ಲು ಬೀಳುತ್ತಿದೆ, ಒಂದು ಜಗಳವಾಡಲಿಕ್ಕೂ ಬರುವುದಿಲ್ಲವೆ ಎಂದು ಕಿರುಚಿದೆ.

ಇಬ್ಬರೂ ನನ್ನನ್ನೇ ನೋಡಿದರು.

"ಬೆಳಗ್ಗೆಯಿಂದ ಮತ್ತೇನ್ರೀ ಮಾಡ್ತಿದೀವಿ?" ಎಂದಳು ಹೆಂಡತಿ.

"ಅವನಿಗೆಲ್ಲಿ ತಿಳಿಯುತ್ತೆ ಬಿಡಮ್ಮ. ನೀನು ಈ ಮನೆಗೆ ಬಂದಾಗಿನಿಂದ ಜಗಳ ಆಡ್ತಿದೀವಿ, ಒಂದು ದಿನವಾದ್ರೂ ಗೊತ್ತಾಗಿದೆಯಾ?" ಎಂದಳು ಅಮ್ಮ.

ಗೋಡೆಗೆ ಒರಗಿದೆ. ಮದುವೆಯಾದಾಗಿನಿಂದ ಕೇಳಿದ ಪರವಾಗಿಲ್ಲಗಳೆಲ್ಲ ಮೆರವಣಿಗೆ ಹೊರಟವು. ಬರಿಯ ‘ಪರವಾಗಿಲ್ಲ’ ಎಂದರೆ ಚಿವುಟು, ‘ಪರವಾಗಿಲ್ಲ ಬಿಡಿ’ ಎಂದರೆ ಗುದ್ದು, ‘ಪರವಾಗಿಲ್ಲ, ನಂಗೇನು’ ಎಂದರೆ ಮಹಾಯುದ್ಧ. ಬಂಗಾರದ ಗಣಿಯ ಮೇಲೆ ಚಾಪೆ ಹಾಸಿ ಗೊರಕೆ ಹೊಡೆದಿದ್ದೆ ನಾನು.

ಸೋಮವಾರ ಎಲ್ಲವನ್ನೂ ಕೊಟ್ಟೆ: ಕುರ್ಚಿ, ಮೆಷಿನ್ನು, ಚಹಾ, ಒಂದಕ್ಷರ ಬಿಡದೆ. ನಿರ್ದೇಶಕರು ಎದ್ದು ಕೈ ಕುಲುಕಿದರು. ಧಾರಾವಾಹಿ ನನ್ನಲ್ಲೇ ಉಳಿಯಿತು. ಕನ್ನಡಕದವನು ಕನ್ನಡಕ ಒರೆಸಿಕೊಂಡ.

ಆ ಕಂತನ್ನು ಅತ್ತೆ-ಸೊಸೆ ಒಂದೇ ಸೋಫಾದಲ್ಲಿ ಕುಳಿತು ನೋಡಿದರು. ಪರದೆಯ ಮೇಲಿನ ಅತ್ತೆ ಕುರ್ಚಿ ಎಳೆದಾಗ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಮುಗಿದ ಮೇಲೆ ಎದೆಯುಬ್ಬಿಸಿ, ಹೇಗಿತ್ತು ಎಂದೆ.

"ಪರವಾಗಿಲ್ಲ" ಎಂದರು ಇಬ್ಬರೂ, ಒಂದೇ ಉಸಿರಿಗೆ.

ಹೊಗಳಿಕೆ ಎಂದೇ ಹಿಗ್ಗಿದೆ. (ಏಳನೇ ಕ್ಲಾಸು, ಏನು ಮಾಡುವುದು.) ಮರುದಿನ ಎದ್ದು ನೋಡಿದರೆ ಅಮ್ಮನ ಕುರ್ಚಿ ಕಿಟಕಿಗೆ ಮರಳಿತ್ತು. ನನ್ನ ಬರೆಯುವ ಮೇಜು ಬಚ್ಚಲ ಬಾಗಿಲಲ್ಲಿತ್ತು, ಅದರ ಮೇಲೆ ಹೂವಿನ ಕಪ್ಪಿನಲ್ಲಿ ಚಹಾ. ಆದರೂ ಹಠ ಬಿಡದೆ ಅಲ್ಲೇ ಕುಳಿತು, ಮೆಷಿನ್ನಿನ ಗಡಗಡದಲ್ಲೇ ಮುಂದಿನ ಕಂತು ಶುರುಮಾಡಿದೆ. ಒಬ್ಬರಾದರೂ ನನ್ನ ಕಡೆ ಮಾತಾಡಿಯಾರೆಂದು ಅಮ್ಮನನ್ನು ನೋಡಿದೆ, ಹೆಂಡತಿಯನ್ನು ನೋಡಿದೆ. ಆಗ ಆ ಪದವನ್ನು ಸರಿಯಾಗಿ ಬಿಡಿಸಿ ಓದಲು ಬಂತು: ಈ ಮನೆಯಲ್ಲಿ ಯಾರೂ ನನ್ನ ಪರವಾಗಿಲ್ಲ.