ಅರಮನೆ ಪರದೆಯ ಸಾಗವಾನಿ ಕೋಲು

ನಾಟಕ ಕಂಪನಿಯಲ್ಲಿ ಪರದೆ ಎಳೆಯುವವನಿಗೆ ನಾಟಕ ಪೂರ್ತಿ ಕಾಣುವುದಿಲ್ಲ, ನೋಡಲು ಬಂದವರು ಪೂರ್ತಿ ಕಾಣುತ್ತಾರೆ. ಹಾಗಾಗಿ ನಗುವಂಥ ಸಂಗತಿಗೆ ನನಗೆ ಎಂದೂ ಬರಗಾಲ ಬರಲಿಲ್ಲ. ದಿನಕ್ಕೆ ಒಂದಾದರೂ ನಡೆಯುತ್ತಿತ್ತು. ಈಗ ನೆನೆದರೆ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಎರಡನ್ನೂ ತಡೆಯುವ ವಯಸ್ಸು ನನ್ನದಲ್ಲ.

ನಾನು ನಮ್ಮೂರ ಸಾಲಿಯಲ್ಲಿ ಏಳನೆಯ ತರಗತಿ ಮುಗಿಸಿದವನು. ಮನೆಯಲ್ಲಿ ಲಿಂಗಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಟೆಂಟಿಗೆ ಬಂದು ಹಗ್ಗಕ್ಕೆ ಕೈ ಮುಗಿದು ಕೆಲಸ ಹಿಡಿಯುತ್ತಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂರು ಸುತ್ತುತ್ತ ನಮ್ಮ ಕಂಪನಿ ವರ್ಷಗಟ್ಟಲೆ ಒಂದೇ ನಾಟಕ ಆಡಿತು. ಅದಕ್ಕೊಂದು ದೊಡ್ಡ ಹೆಸರು ಇತ್ತು, ಆದರೆ ಜನ ಕರೆದದ್ದು ‘ರಾಣಿ ಆಟ’ ಎಂದು. ಕಿರಿಯ ರಾಣಿಯ ಚಾಡಿ ಕೇಳಿ ರಾಜನು ಹಿರಿಯ ರಾಣಿಯನ್ನು ಅಡವಿಗೆ ಅಟ್ಟುತ್ತಾನೆ. ಆಮೇಲೆ ಹಾಡುತ್ತ ಹುಡುಕುತ್ತ ಹೋಗುತ್ತಾನೆ. ಈಶ್ವರನ ಗುಡಿಯ ಮುಂದೆ ಇಬ್ಬರೂ ಕೂಡುತ್ತಾರೆ. ಕಥೆ ಇಷ್ಟೇ. ಉಳಿದದ್ದೆಲ್ಲ ಹಾಡು, ಮತ್ತೆ ನಾಲ್ಕು ಪರದೆ: ಅರಮನೆ, ತೋಟ, ಅಡವಿ, ಗುಡಿ. ನಾಲ್ಕನ್ನೂ ಬರೆದವರು ಒಬ್ಬರೇ ಹಳೆಯ ಕಲಾವಿದರು. ಅವರು ತೀರಿಕೊಂಡು ಬಹಳ ದಿನವಾಯಿತು. ಜನ ಹಾಡು ಕೇಳಲು ಬರುತ್ತಿದ್ದರೋ ಪರದೆ ನೋಡಲು ಬರುತ್ತಿದ್ದರೋ, ಅದು ಕಡೆತನಕ ನನಗೆ ತಿಳಿಯಲಿಲ್ಲ.

೧. ಗುಡಿಗೆ ಬಂದ ಕಾಯಿ

ಕುಷ್ಟಗಿ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನ ಗುಡಿಯ ಪರದೆ ಇಳಿಸಿದೆ. ರಾಜ ಮಂಡಿಯೂರಿ ಹಾಡು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಒಬ್ಬ ಮುದುಕಿ ಸೀದಾ ರಂಗದ ಮೇಲೆ ಹತ್ತಿ ಬಂದಳು. ಕೈಯಲ್ಲಿ ತೆಂಗಿನಕಾಯಿ, ಸೆರಗಿನಲ್ಲಿ ಕರ್ಪೂರ.

ನಾನು ಓಡಿ ಹೋಗಿ ಅಡ್ಡ ನಿಂತೆ. “ಯವ್ವಾ, ಇಲ್ಲಿ ದೇವರಿಲ್ಲ. ಇದು ಬಣ್ಣ ಬಳದ ಅರಿವಿ.”

“ಗೊತ್ತೈತಿ ಬಿಡಪ್ಪಾ. ನಮ್ಮೂರ ಗುಡ್ಯಾಗ ಇರೋದು ಕಲ್ಲು. ಕಲ್ಲಿಗೆ ನಡೀತೈತಿ, ಅರಿವಿಗೆ ನಡ್ಯಂಗಿಲ್ಲೇನು?”

ಮೂರು ಹೊತ್ತು ಪೂಜೆ ಮಾಡುವ ನಾನು ದಾರಿ ಬಿಟ್ಟೆ. ಕರ್ಪೂರ ಮಾತ್ರ ಇಸಿದುಕೊಂಡೆ, ಪರದೆಗೆ ಬೆಂಕಿ ಹತ್ತೀತು ಎಂದು. ಆಕೆ ರಂಗದ ಅಂಚಿಗೆ ಕಾಯಿ ಒಡೆದಳು. ರಾಜನಿಗೆ ಒಂದು ಚೂರು, ಹಿರಿಯ ರಾಣಿಗೆ ಒಂದು, ಪೇಟಿ ನುಡಿಸುವವರಿಗೆ ಒಂದು, ನನಗೂ ಒಂದು ಕೊಟ್ಟಳು. ಪರದೆಯ ಸಂದಿಯಿಂದ ಕಿರಿಯ ರಾಣಿಯ ಪಾತ್ರದಾಕೆಯೂ ಕೈ ಚಾಚಿದಳು.

“ಯವ್ವಾ, ನನಗರೀ?”

ಮುದುಕಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊದಲ ಅಕಿನ್ನ ಮನಿಗೆ ಕರಕೊಂಡು ಬಾ. ಆಮ್ಯಾಲ ನೋಡೂಣು.”

೨. ಬೇಡವಾದ ನವಿಲು

ತೋಟದ ಪರದೆಯಲ್ಲಿ ಗರಿ ಬಿಚ್ಚಿದ ಒಂದು ನವಿಲು ಇತ್ತು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಅದು ಸರಿಯಾಗಿ ಮಡಿಕೆ ಬೀಳುವ ಜಾಗಕ್ಕೇ ಇದ್ದುದರಿಂದ ಬಣ್ಣ ಉದುರುತ್ತ ಬಂದು ಕಡೆಗೆ ಎರಡು ಕಾಲು ಮಾತ್ರ ಉಳಿದವು. ಮಾಲೀಕರು ಗಂಗಾವತಿಯಲ್ಲಿ ಲಾರಿಗಳ ಹಿಂದೆ ಬಣ್ಣ ಬರೆಯುವವನನ್ನು ಕರೆಸಿ ಹೊಸ ನವಿಲು ಬರೆಸಿದರು. ಚೆನ್ನಾಗಿಯೇ ಇತ್ತು. ಬಣ್ಣ ಮಿರಮಿರ ಮಿಂಚುತ್ತಿತ್ತು. ಕೆಳಗೆ ‘ಮತ್ತೆ ಸಿಗೋಣ’ ಎಂದು ಬರೆಯುವುದೊಂದು ಬಾಕಿ.

ಅಂದು ತೋಟದ ಪರದೆ ಇಳಿಯಿತು. ಅಕ್ಕಿ ಗಿರಣಿಯ ಹಮಾಲರೊಬ್ಬರು, ವಾರಕ್ಕೊಮ್ಮೆ ತಪ್ಪದೆ ಬರುವವರು, ರಾಣಿಯ ಹಾಡಿನ ನಡುವೆಯೇ ಎದ್ದು ನಿಂತರು. “ಹಾಡು ನಿಂದರಸ್ರಿ! ಅದ್ಯಾವ ಕೋಳಿ ಅದು?”

ಮರುದಿನ ಹತ್ತು ಹನ್ನೆರಡು ಮಂದಿ ಮಾಲೀಕರ ಹತ್ತಿರ ತಕರಾರು ತಂದರು.

“ನಮ್ಮ ನವಿಲು ನಮಗ ಬೇಕು.”

“ಬರದವರು ಸತ್ತು ಹೋಗ್ಯಾರ್ರಿ. ಎಲ್ಲಿಂದ ತರ್ಲಿ?”

“ಹಂಗಾರ ಇದನ್ನ ಅಳಸ್ರಿ. ಖಾಲಿ ಇರಲಿ. ಕಾಲು ಅದಾವಲ್ಲ, ಸಾಕು.”

ಹೊಸ ನವಿಲು ಅಳಿಯಿತು. ಅಂದಿನಿಂದ ತೋಟದಲ್ಲಿ ಎರಡು ಕಾಲು, ಮೇಲೆ ಬಯಲು. ಜನ ತೃಪ್ತಿಯಿಂದ ನೋಡಿದರು. ಮಾಲೀಕರು ಹಣೆ ಒತ್ತಿಕೊಂಡರು. “ಕಾಣೋ ನವಿಲಿಗೆ ಬೈದರು, ಕಾಣದ ನವಿಲಿಗೆ ಚಪ್ಪಾಳಿ ಹೊಡದರು. ಇನ್ನ ನಟರನ್ನೂ ಕಳಿಸಿಬಿಡ್ತೀನಿ, ಖರ್ಚರ ಉಳೀಲಿ.”

೩. ಗಂಡ ಹೆಂಡಿರ ಬೆಂಚು

ಯಲಬುರ್ಗಾ ಕಡೆಯ ಒಬ್ಬ ಬಡಿಗರು, ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆತಂದು ರಾಣಿ ಆಟ ನೋಡಿದವರು, ಆಮೇಲೆ ಬಿಡಲೇ ಇಲ್ಲ. ಯಾವ ಊರಲ್ಲಿ ಕ್ಯಾಂಪು ಇದ್ದರೂ ಭಾನುವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹಾಜರು. ಎರಡನೇ ಸಾಲು, ಎಡತುದಿ. ನಾನು ಹಗ್ಗ ಹಿಡಿದು ನಿಲ್ಲುವ ಜಾಗದಿಂದ ಅವರ ಪಿಸುಮಾತೂ ಕೇಳುತ್ತಿತ್ತು. ಅರಮನೆ ಪರದೆ ನೆಟ್ಟಗೆ ಇಳಿಯಲೆಂದು ಕೆಳ ಅಂಚಿಗೆ ಕಟ್ಟಿದ ಕೋಲು ಒಮ್ಮೆ ಮುರಿದಾಗ ಸಾಗವಾನಿ ಕೋಲು ಕೆತ್ತಿ ಕೊಟ್ಟವರೂ ಅವರೇ. ಕೂಲಿ ಕೇಳಿದರೆ, “ಒಂದು ಹಾಡು ಒನ್ಸ್ ಮೋರ್ ಹಾಡಸ್ರಿ, ಮುಗೀತು” ಎಂದಿದ್ದರು.

ವಯಸ್ಸಾದ ಮೇಲೆ ಬಡಿಗರ ಕಣ್ಣು ಹೋದವು. ಆದರೂ ಬರುವುದು ತಪ್ಪಲಿಲ್ಲ. ಹೆಂಡತಿ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಹೇಳುವರು. ಕಾಣದ್ದನ್ನೂ ಹೇಳುವರು.

“ಈಗ ತ್ವಾಟ ಬಿತ್ತು ನೋಡ್ರಿ. ನವಿಲು ಗರಿ ಬಿಚ್ಚೇತಿ. ಹಸರು, ನೀಲಿ, ಬಂಗಾರ…”

“ಹ್ವಾದ ವಾರ ಮಡಚೇತಿ ಅಂದಿದ್ದಿ?”

“ಅದಕ್ಕೂ ಜೀವ ಐತಿಲ್ಲೋ? ಒಮ್ಮಿ ಬಿಚ್ಚತೈತಿ, ಒಮ್ಮಿ ಮಡಚತೈತಿ.”

ಹಿಂದಿನ ಬೆಂಚಿನವನೊಬ್ಬ ಹೊಸಬ, ಸುಮ್ಮನಿರದೆ ಬಗ್ಗಿ ಕೇಳಿದ. “ಅಮ್ಮಾರ, ಎಲ್ಲೈತ್ರಿ ನವಿಲು? ನನಗ ಬರೇ ಕಾಲು ಕಾಣತಾವ.”

ಆಯಮ್ಮ ತಿರುಗಿಯೂ ನೋಡಲಿಲ್ಲ. “ನಿನಗ ಕಣ್ಣು ಅದಾವಪ್ಪಾ, ಅದಕ್ಕ ಕಾಣವಲ್ದು.”

೪. ಖಾಲಿ ಜಾಗ

ಒಂದು ಭಾನುವಾರ ಅವರಿಬ್ಬರೂ ಬರಲಿಲ್ಲ. ಮುಂದೆ ಆರೇಳು ವಾರ ಬರಲಿಲ್ಲ. ಆಮೇಲೆ ಬಡಿಗರೊಬ್ಬರೇ ಬಂದರು. ಬಸ್ಸಿನ ಕಂಡಕ್ಟರ್ ಕೈ ಹಿಡಿದು ಟೆಂಟಿನ ಬಾಗಿಲವರೆಗೆ ತಂದು ಬಿಟ್ಟು ಹೋದ. ಅವರು ಅದೇ ಬೆಂಚಿಗೆ ಕುಳಿತು, ಪಕ್ಕದ ಜಾಗಕ್ಕೆ ಹೆಗಲ ಮೇಲಿನ ವಸ್ತ್ರ ಹಾಸಿದರು. ಯಾರೂ ಏನೂ ಕೇಳಬೇಕಾಗಲಿಲ್ಲ.

ಟೆಂಟು ತುಂಬಿತ್ತು. ಒಬ್ಬರು ಬಂದು, “ಅಜ್ಜಾರ, ಇಲ್ಲಿ ಕುಂದ್ರಬಹುದೇನ್ರಿ?” ಎಂದರು.

“ಕುಂದರ್ರಿ. ಆದರ ನವಿಲು ಬಂದಾಗ ಹೆಂಗೈತಿ ಅಂತ ಹೇಳಬೇಕು.”

ಒಪ್ಪಿಕೊಂಡು ಕುಳಿತರು. ತೋಟದ ಪರದೆ ಇಳಿಯಿತು. ಪ್ರಾಮಾಣಿಕ ಮನುಷ್ಯ, ಪಾಪ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, “ನವಿಲು ಇಲ್ಲಲ್ರಿ ಅಜ್ಜಾರ” ಎಂದರು.

“ಹಂಗಾರ ಏಳ್ರಿ.”

ಆಟ ಮುಗಿದ ಮೇಲೆ ನಾನು ಹೋಗಿ ಅವರ ಕೈ ಹಿಡಿದೆ. ಅವರೇ ಹೇಳಿದರು. “ತಮ್ಮಾ, ನನಗ ಯಾರೂ ಹೇಳೋದು ಬ್ಯಾಡ. ನಿನ್ನ ಪರದಿ ಕೋಲು ಹಲಗಿಗೆ ಧಪ್ ಅಂತಲ್ಲ, ಅದೊಂದು ಕೇಳಿದರ ಸಾಕು. ಉಳದದ್ದು ಅಕಿ ಹೇಳಿದಂಗ ನಾ ನೋಡ್ಕೋತೀನಿ.”

ಖರೇ ಮಾತು. ನಾಲ್ಕು ಪರದೆಗೂ ಒಂದೊಂದು ಸಪ್ಪಳ ಇತ್ತು. ಅರಮನೆಯದು ಸಾಗವಾನಿ, ಗಂಭೀರ ಸಪ್ಪಳ. ತೋಟದ್ದು ತೆಳು ಬಿದಿರು. ಅಡವಿಯ ಬಿದಿರು ಸೀಳಿತ್ತು, ಬಿದ್ದರೆ ಚಟಚಟ ಎನ್ನುತ್ತಿತ್ತು. ಗುಡಿಯ ಕೋಲಿಗೆ ನಾನೇ ಹಳೆಯ ಧೋತರ ಸುತ್ತಿದ್ದೆ, ದೇವರ ಜಾಗ ಧಪ್ಪೆಂದು ಬೀಳಬಾರದು ಎಂದು. ಈ ಮಾತನ್ನು ಆಗ ನಾನು ಪೂರ್ತಿ ನೆನಪಿಟ್ಟುಕೊಳ್ಳಬೇಕಿತ್ತು. ಇಡಲಿಲ್ಲ.

೫. ಅಡವಿಯಲ್ಲಿ ಹಿಮ

ಕಾಲ ಬದಲಾಯಿತು. ಮಾಲೀಕರು ಎಲ್‌ಇಡಿ ಪರದೆ ತರಿಸಿದರು. ಗುಂಡಿ ಒತ್ತಿದರೆ ಅರಮನೆ, ಒತ್ತಿದರೆ ಅಡವಿ. ಹಳೆಯ ಪರದೆಗಳನ್ನು ಮಡಚಿ ಸಂದೂಕಿಗೆ ತುಂಬಿದೆವು. ಬಿದಿರುಗಳು ಅಡುಗೆಯ ಚಪ್ಪರಕ್ಕೆ ಹೋದವು. ಸಾಗವಾನಿ ಕೋಲನ್ನೂ ಕೊಯ್ದರು. ಆಳೆತ್ತರದ ಒಂದು ತುಂಡನ್ನು ನಾನು ಎತ್ತಿಟ್ಟುಕೊಂಡೆ. ನನಗೆ ಬಾಗಿಲು ಕಾಯುವ ಕೆಲಸ ಕೊಟ್ಟರು.

ಮೊದಲ ಭಾನುವಾರ ಅಡವಿಯ ಚಿತ್ರ ಬಂತು. ಯಾವ ದೇಶದ್ದೋ ಏನೋ, ಗಿಡದ ಮೇಲೆಲ್ಲ ಹಿಮ ಸುರಿಯುತ್ತಿತ್ತು. ಅದರ ಮುಂದೆ ರಾಣಿ ಬರಿಗಾಲಲ್ಲಿ, “ಬಿಸಿಲ ತಾಳಲಾರೆ ಸ್ವಾಮಿ” ಎಂದು ಎದೆ ಬಿರಿಯುವಂತೆ ಹಾಡಿದಳು. ಹಿಂದಿನಿಂದ ಗಿಣಿಗೇರಾ ಕಾರ್ಖಾನೆಯ ಕೆಲಸಗಾರನೊಬ್ಬ ಕೂಗಿದ. “ಏ, ಯಾರರ ಒಂದು ಸ್ವೆಟರ್ ಕೊಡ್ರೋ, ರಾಣಿ ಥಂಡಿಗೆ ಬಡಬಡಸಾಕತ್ಯಾಳ!”

ಟೆಂಟು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಗ ಎರಡನೇ ಸಾಲಿನ ಎಡತುದಿ ಕಣ್ಣಿಗೆ ಬಿತ್ತು. ಬಡಿಗರು ಕತ್ತು ಓರೆ ಮಾಡಿ, ಕಿವಿ ಮುಂದೆ ಮಾಡಿ ಕಾಯುತ್ತಿದ್ದರು. ನಾನು ಹತ್ತಿರ ಹೋಗುವಷ್ಟರಲ್ಲಿ ಪಕ್ಕದವರನ್ನು ಮೆಲ್ಲಗೆ ಕೇಳಿದರು. “ಹಾಡು ತಾಲೀಮೇನ್ರಿ ಇದು? ಆಟ ಯಾವಾಗ ಸುರು?”

ಆ ಮಾತು ನನ್ನನ್ನು ಒಂದು ವಾರ ಮಲಗಗೊಡಲಿಲ್ಲ. ಹೆಂಡತಿ ಹೋದಳು, ಕಣ್ಣು ಹೋದವು, ಉಳಿದದ್ದೊಂದು ಸಪ್ಪಳ. ಅದನ್ನೂ ನಾವು ಕಸಿದುಕೊಂಡಿದ್ದೆವು. ಮುಂದಿನ ಭಾನುವಾರ ಬಾಗಿಲಿಗೆ ಬೇರೆಯವರನ್ನು ನಿಲ್ಲಿಸಿ, ನನ್ನ ಹಳೆಯ ಜಾಗಕ್ಕೆ ಹೋಗಿ ನಿಂತೆ. ಚಿತ್ರ ಬದಲಾದಾಗಲೆಲ್ಲ ಸಾಗವಾನಿ ತುಂಡನ್ನು ಹಲಗೆಗೆ ಬಡಿದೆ. ಧಪ್. ಬಡಿಗರು ಬೆನ್ನು ನೆಟ್ಟಗೆ ಮಾಡಿ ಕುಳಿತರು.

ಸುಳ್ಳು ಪಾಪ ಎಂದು ಸಾಲಿಯಲ್ಲಿ ಕಲಿತವನು ನಾನು. ಪ್ರತಿ ಭಾನುವಾರ ಪೂಜೆಯಲ್ಲಿ ಮೊದಲೇ ತಪ್ಪೊಪ್ಪಿಕೊಂಡು ಬಂದು ಬಡಿಯುತ್ತಿದ್ದೆ.

ಮೂರನೇ ವಾರ ಮಾಲೀಕರು ಸಿಟ್ಟಿನಿಂದ ಬಂದರು. “ಏನದು ಸಪ್ಪಳ?”

“ಪರದಿ ಬಿತ್ರಿ ಧಣೇರ.”

“ತಲಿ ಕೆಟ್ಟೈತೇನು? ಎಲ್ಲೈತಿ ಪರದಿ?”

ನಾನು ಎರಡನೇ ಸಾಲಿನ ಕಡೆ ಕೈ ತೋರಿಸಿದೆ. ಮಾಲೀಕರು ಅತ್ತ ನೋಡಿದರು. ಹೋಗುವಾಗ ತಿರುಗಿ ಅಂದರು, “ಇಷ್ಟು ಮೆತ್ತಗ ಬಡದರ ಹೆಂಗ? ತಿನ್ನೋದು ನನ್ನ ಅನ್ನ, ಜರಾ ಗಟ್ಟಿ ಬಡಿ.”

೬. ಕಡೆಯ ಆಟ

ನಾಲ್ಕು ತಿಂಗಳು ಹೀಗೆ ನಡೆಯಿತು. ಕೊಪ್ಪಳದ ಕ್ಯಾಂಪು ಮುಗಿಯುವ ಹೊತ್ತಿಗೆ ಮಾಲೀಕರು ರಾಣಿ ಆಟವನ್ನೇ ನಿಲ್ಲಿಸುವುದಾಗಿ ಹೇಳಿದರು. ಜನ ಕಡಿಮೆಯಾಗಿದ್ದರು, ಹಿರಿಯ ರಾಣಿಗೂ ಮಂಡಿನೋವು. ಕಡೆಯ ಭಾನುವಾರ ಆಟ ಮುಗಿದ ಮೇಲೆ ಬಡಿಗರು ಏಳಲಿಲ್ಲ. ನನ್ನನ್ನು ಕರೆಸಿದರು.

“ತಮ್ಮಾ, ಆ ತ್ವಾಟದ ಪರದಿ ಒಂದ್ಸಲ ಮುಟ್ಟತೀನಿ. ಇನ್ನ ಬರೋದಾಗಂಗಿಲ್ಲ.”

ಮೇಲೆ ತೂಗುತ್ತಿದ್ದುದು ಗಾಜಿನಂಥ ಎಲ್‌ಇಡಿ. ಅದಕ್ಕೆ ಅವರ ಕೈ ತಾಗಿದರೆ ನಾಲ್ಕು ತಿಂಗಳ ಆಟವೆಲ್ಲ ಒಂದು ಕ್ಷಣದಲ್ಲಿ ಒಡೆದು ಹೋಗುತ್ತದೆ. “ಈಗಷ್ಟೇ ಇಳಿಸೀವ್ರಿ, ಹಾಸತೀನಿ ಬರ್ರಿ” ಎಂದು ಮತ್ತೊಂದು ಸುಳ್ಳು ಹೇಳಿ, ಸಂದೂಕಿನಿಂದ ತೋಟದ ಪರದೆ ತೆಗೆದು ಹಲಗೆಯ ಮೇಲೆ ಬಿಚ್ಚಿದೆ. ಅವರು ಮಂಡಿಯೂರಿ ಕುಳಿತು ಅಂಗೈ ಆಡಿಸುತ್ತ ಹೋದರು. ಬಳ್ಳಿ ಸಿಕ್ಕಿತು, ಕಾರಂಜಿ ಸಿಕ್ಕಿತು. ದಪ್ಪ ಬಣ್ಣದ ಎರಡು ಕಾಲು ಸಿಕ್ಕವು. ಅದರ ಮೇಲೆ ಬೋಳು ಅರಿವೆ. ಕೈ ಅಲ್ಲೇ ನಿಂತಿತು.

“ನವಿಲು ಐತೇನು?”

“ಐತ್ರಿ.”

“ಗರಿ?”

“ಬಿಚ್ಚೇತ್ರಿ. ಹಸರು, ನೀಲಿ…”

“ಬಂಗಾರ” ಎಂದು ಅವರೇ ಮುಗಿಸಿದರು. ಆ ಬೋಳು ಜಾಗದ ಮೇಲೆಯೇ ಕೈ ಇಟ್ಟುಕೊಂಡಿದ್ದರು. ಆಮೇಲೆ ಅವರ ಭುಜ ಅಲುಗಾಡಿದವು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಕುಳಿತೆ. ನೋಡಿದರೆ ನಗುತ್ತಿದ್ದರು.

“ಸುಳ್ಳು ಹೇಳೋದು ಅಕಿ ಕಡಿಂದ ಕಲ್ತೀ ಕಾಣತೈತಿ. ಅಕಿ ಛಲೋ ಹೇಳತಿದ್ಲು. ನಿನಗಿನ್ನ ಬರವಲ್ದು.”

“ಯಾಕ್ರಿ?”

“ಯಾಕಂತಿ? ನಾಕ ತಿಂಗಳಿಂದ ಬರೇ ನನ್ನ ಸಾಗವಾನಿ ಕೋಲು ಒಂದನ್ನ ಬಡ್ಯಾಕತ್ತೀ. ಅದೂ ಕೊಯ್ದ ತುಂಡು! ತ್ವಾಟ ಇಲ್ಲ, ಅಡವಿ ಇಲ್ಲ, ಗುಡಿ ಇಲ್ಲ. ಧಪ್, ಅರಮನಿ. ಧಪ್, ಮತ್ತ ಅರಮನಿ. ರಾಣಿ ಅರಮನ್ಯಾಗ ಕುಂತು ‘ಅಯ್ಯೋ, ಹುಲಿ ಬಂತು’ ಅಂತ ಅಳತಾಳ. ರಾಜ ಅದ ಅರಮನ್ಯಾಗ ಅಡ್ಡಾಡಕೋತ ‘ರಾಣಿ ಎಲ್ಲೀ’ ಅಂತ ಹುಡುಕತಾನ. ಒಂದ ಮನ್ಯಾಗ ಇದ್ದ ಗಂಡ ಹೆಂಡ್ತೀನ ನಾಕ ತಿಂಗಳು ಕೂಡಗೊಡ್ಲಿಲ್ಲಲ್ಲೋ ಮಾರಾಯ!”

ಬಣ್ಣ ತೊಳೆಯುತ್ತಿದ್ದ ರಾಜ, ರಾಣಿಯರೂ ಒಳಗಿನಿಂದ ನಕ್ಕರು. ನಾನು ನಗುತ್ತಲೇ ಕಣ್ಣೊರೆಸಿಕೊಂಡು, ಗೊತ್ತಿದ್ದೂ ಯಾಕೆ ಬಂದಿರಿ ಎಂದು ಕೇಳಿದೆ. “ಆ ತುಂಡು ಎಲ್ಲೈತಿ, ಕೊಡು” ಎಂದರು. ಕೊಟ್ಟೆ.

ಒಂದು ಕೈಯಲ್ಲಿ ಅವರನ್ನು, ಇನ್ನೊಂದರಲ್ಲಿ ಕೋಲನ್ನು ಹಿಡಿದು ಯಲಬುರ್ಗಾ ಬಸ್ಸಿಗೆ ತಂದೆ. ಅದೇ ಕಂಡಕ್ಟರ್ ಇದ್ದ.

“ಅಜ್ಜಾ, ಇದೇನು ಇಷ್ಟುದ್ದಂದು?”

“ಅರಮನಿ.”

ಕಂಡಕ್ಟರ್ ನಕ್ಕು, ಕೋಲನ್ನು ಸೀಟಿನ ಕೆಳಗೆ ದೂಡಲು ಹೋದ. ಬಡಿಗರು ಅವನ ಕೈ ಹಿಡಿದರು.

“ಸಾವಕಾಶ ಇಡಪಾ. ಒಳಗ ರಾಣಿ ಅದಾಳ.”