ಹದಿನೇಳನೇ ಕೋಣೆಯಲ್ಲಿ ಗುಮಾಸ್ತ

ಎಲ್ಲದಕ್ಕೂ ಕಾರಣ ಹೊಸ ಬೂಟು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ನೀವೊಳ್ಳೆ!" ಎಂದು ಹೆಂಡತಿ ಬೆಳಗ್ಗೆ ಬಲವಂತವಾಗಿ ತೊಡಿಸಿದ್ದಳು. ಹಳೆಯ ಸೆರೆಮನೆಯ ಮುಂದೆ ಕಚೇರಿಯವರ ಜೊತೆ ಬಸ್ಸಿನಿಂದ ಇಳಿಯುವಾಗಲೇ ಟಪಾಲು ಗುಮಾಸ್ತನ ಎರಡೂ ಹಿಮ್ಮಡಿ ಸುಲಿದಿದ್ದವು. ಅವನು ಅಂಗಾಲು ಸುಟ್ಟ ಬೆಕ್ಕಿನಂತೆ ನಡೆಯುತ್ತಿದ್ದ.

ಸ್ಮಾರಕಗಳ ಇಲಾಖೆಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದರೂ ಅವನು ಸ್ಮಾರಕಗಳನ್ನು ಫೈಲಿನಲ್ಲಷ್ಟೇ ಕಂಡಿದ್ದ. ಉಳಿದವರದೂ ಅದೇ ಕತೆ. ಒಂದಾದರೂ ನೋಡಿಬನ್ನಿ ಎಂದು ನಿರ್ದೇಶಕರೇ ಆದೇಶ ಹೊರಡಿಸಿದ್ದರಿಂದ ಈ ಪ್ರವಾಸ.

ಯುದ್ಧದ ಕಾಲದಲ್ಲಿ ನಾನೂರು ಜನರನ್ನು ಕೂಡಿಹಾಕಿದ್ದ ಕಟ್ಟಡ. ಸುಣ್ಣ ಕಾಣದ ಗೋಡೆ, ಕತ್ತೆತ್ತಿದರೆ ಅಂಗೈಯಗಲದ ಆಕಾಶ. ಹದಿನೇಳನೇ ಕೋಣೆಯ ಮುಂದೆ ನಿಂತು ಮಾರ್ಗದರ್ಶಿ ಹೇಳಿದ: "ಇಲ್ಲಿಂದ ಹೊರಟವರಲ್ಲಿ ಬಹಳ ಜನ ಮನೆ ಸೇರಲಿಲ್ಲ."

ಎಲ್ಲರೂ ಕೋಣೆಯೊಳಗೆ ಇಣುಕಿದರು. ಆಮೇಲೆ ಹೆಡ್‌ಕ್ಲಾರ್ಕು ಕೇಳಿದರು: "ಊಟ ಎಷ್ಟೊತ್ತಿಗೆ?"

ಊಟದ ಮಾತಿನ ಗಲಾಟೆಯಲ್ಲಿ ಗುಮಾಸ್ತ ಕೋಣೆಯೊಳಗೆ ನುಸುಳಿ, ಕತ್ತಲ ಮೂಲೆಯ ಕಲ್ಲುಜಗಲಿಯ ಮೇಲೆ ಕುಳಿತು ಬೂಟು ಕಳಚಿದ. ಹಾಯೆನಿಸಿತು. ಕಣ್ಣು ಮುಚ್ಚಿದ. ಅಷ್ಟರಲ್ಲಿ ಟೈಪಿಸ್ಟ್ ಮೇಡಂ, "ಬಾಗಿಲು ಮುಚ್ಚಿದ್ರೇನೇ ಜೈಲು ಅನ್ಸೋದು" ಎಂದು ಕಂಬಿಬಾಗಿಲು ಎಳೆದು, ಅಗಣಿ ಹಾಕಿ, ಫೋಟೋ ಹೊಡೆದುಕೊಂಡರು. ಹೊಡೆದುಕೊಂಡದ್ದು ಗುಮಾಸ್ತನ ಫೋನಿನಲ್ಲೇ. ಅವರದು ಚಾರ್ಜ್ ಮುಗಿದಿದ್ದರಿಂದ ಬಸ್ಸಿನಲ್ಲೇ ಇಸಿದುಕೊಂಡಿದ್ದರು.

"ಊಟ ಬಂತು!" ಎಂದು ಯಾರೋ ಕೂಗಿದರು. ಮೂವತ್ತು ಜೊತೆ ಕಾಲುಗಳ ಸದ್ದಿನಲ್ಲಿ ಗುಮಾಸ್ತನ "ಮೇಡಂ! ಮೇಡಂ!" ಮುಳುಗಿಹೋಯಿತು. ಕೈದಿಯ ಕೈಗೆ ಎಟುಕಬಾರದೆಂದೇ ಅಗಣಿಯನ್ನು ಹೊರಗೋಡೆಯಲ್ಲಿ ಒಂದು ಮೊಳ ದೂರಕ್ಕೆ ಕೂರಿಸಿದ್ದರು. ಕಂಬಿಗಳ ನಡುವೆ ಭುಜದವರೆಗೂ ಕೈ ತೂರಿಸಿದ. ಕಟ್ಟಿದವರು ಕೆಲಸ ಬಲ್ಲವರು.

ಅರ್ಧ ಗಂಟೆಯ ಮೇಲೆ ಗಂಡ ಹೆಂಡತಿ ಇಬ್ಬರು ಬಂದರು. ಗುಮಾಸ್ತ ಬರಿಗಾಲಲ್ಲಿ ಕಂಬಿಗೆ ಹಾರಿಬಿದ್ದ. "ಸ್ವಾಮಿ, ಬಾಗಿಲು ತೆಗೀರಿ! ನಾನು ತಪ್ಪಿ ಸಿಕ್ಕಿಹಾಕ್ಕೊಂಡಿದೀನಿ!"

"ಅಬ್ಬಾ, ಎಷ್ಟು ಸಹಜವಾಗಿ ಮಾಡ್ತಾರೆ ನೋಡಿ!" ಎಂದಳು ಹೆಂಡತಿ.

"ಸಹಜ ಏನು ಬಂತು? ಕೈದಿಗೆ ಇಷ್ಟು ಹೊಟ್ಟೆ ಇರುತ್ತಾ?"

"ನಾಟಕ ಅಲ್ಲ ಸ್ವಾಮಿ, ಸತ್ಯ! ಆ ಅಗಣಿ ಒಂಚೂರು ಸರಿಸಿ!"

ಗಂಡ ಗೋಡೆಯ ಫಲಕ ತೋರಿಸಿದ. "ಓದೋಕೆ ಬರುತ್ತಲ್ಲ? ಏನನ್ನೂ ಮುಟ್ಟಬಾರದು ಅಂತ ಬರೆದಿದೆ." ಚಪ್ಪಾಳೆ ತಟ್ಟಿ ಇಬ್ಬರೂ ಮುಂದೆ ಹೋದರು. ಆ ಫಲಕದ ಒಕ್ಕಣೆ ಟಪಾಲಿಗೆ ಹಾಕಿದವನು ಗುಮಾಸ್ತನೇ.

ಬೇರೆಯವರೂ ಬಂದರು, ಹೋದರು. ಗಂಟಲು ಒಣಗಿತು. ಕೋಣೆ ತಣ್ಣಗಾಗುತ್ತ ಬಂತು. ಗೋಡೆಯಲ್ಲಿ ಯಾರೋ ಉಗುರಿನಿಂದ ಗೀರಿದ ಗೆರೆಗಳಿದ್ದವು. ಎಣಿಸತೊಡಗಿದ, ಎಂಬತ್ತರ ಆಚೆಗೆ ಎಣಿಸಲು ಮನಸ್ಸು ಬರಲಿಲ್ಲ. ಮೂವತ್ತು ಜನರಲ್ಲಿ ಒಬ್ಬನಿಗೂ ನನ್ನ ನೆನಪಾಗಲಿಲ್ಲವೇ ಎಂಬ ಯೋಚನೆ ಕೋಣೆಯ ಕತ್ತಲಿಗಿಂತ ದಟ್ಟವಾಗಿತ್ತು.

ನಾಲ್ಕರ ಹೊತ್ತಿಗೆ ಊರುಗೋಲಿನ ಸದ್ದಾಯಿತು. ಒಬ್ಬಳೇ ಮುದುಕಿ. ಬಾಗಿಲ ಮುಂದೆ ನಿಂತು ಬಹಳ ಹೊತ್ತು ಅವನನ್ನೇ ನೋಡಿದಳು.

"ಅಮ್ಮಾ..." ಎಂದ ಗುಮಾಸ್ತ.

"ತಡೀಪ್ಪ. ನಿನ್ನ ಪಾಠ ಆಮೇಲೆ ಒಪ್ಪಿಸು, ನಾನೊಂದು ಕೇಳ್ತೀನಿ. ಇದು ನಮ್ಮಪ್ಪ ಇದ್ದ ಕೋಣೆ. ನಂಗೆ ಆರು ವರ್ಷ. ಒಂದೇ ಒಂದು ಸಲ ನೋಡೋಕೆ ಬಿಟ್ಟಿದ್ರು. ಅಷ್ಟು ದೂರದಿಂದ ನಡೆದು ಬಂದ್ರೆ, ಅಪ್ಪ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದ. ಎಷ್ಟು ಕರೆದ್ರೂ ತಿರುಗಲೇ ಇಲ್ಲ. ನನ್ನ ಮೇಲೆ ಕೋಪ ಇತ್ತೇನೋ. ಆಮೇಲೆ ಅಪ್ಪ ಮನೆಗೆ ಬರಲೇ ಇಲ್ಲ."

ಗುಮಾಸ್ತ ಗೋಡೆಯ ಗೀರುಗಳ ಕಡೆ ತಿರುಗಿ ನೋಡಿದ. ಮನೆಯಲ್ಲಿ ಅವನಿಗೂ ಒಬ್ಬಳು ಮಗಳಿದ್ದಳು.

"ಕೋಪ ಇದ್ದಿರಲ್ಲಮ್ಮ," ಎಂದ. "ಮುಖದ ತುಂಬ ಏಟಿನ ಗುರುತು ಇದ್ದಿರಬೇಕು. ಮಗಳು ಅದನ್ನ ನೋಡಬಾರದು ಅಂತ ತಿರುಗಲಿಲ್ಲ. ನಾನಾಗಿದ್ರೂ ತಿರುಗ್ತಿರಲಿಲ್ಲ."

ಮುದುಕಿ ಕಂಬಿ ಹಿಡಿದು ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹೇಳಿ ಹೊರಟಳು. ಊರುಗೋಲಿನ ಸದ್ದು ಪೂರ್ತಿ ಅಡಗಿದ ಮೇಲೆ ಗುಮಾಸ್ತನಿಗೆ ಹೊಳೆಯಿತು: ಅಗಣಿ ತೆಗೆಯಿರಿ ಎಂದು ಕೇಳುವುದನ್ನೇ ಮರೆತಿದ್ದ.

ಐದೂವರೆಗೆ ಕಾವಲುಗಾರ ಓಡಿಬಂದ. ಅಗಣಿಗೆ ಕೈ ಹಾಕುವ ಮೊದಲು ತನ್ನ ಫೋನನ್ನು ಕಂಬಿಯ ಸಂದಿಯಿಂದ ಕೊಟ್ಟ. "ನಿಮ್ಮ ಆಫೀಸಿಂದಂತೆ. ಅರ್ಜೆಂಟ್."

"ಏನ್ರೀ ನೀವು, ದೊಡ್ಡ ಮನುಷ್ಯರಾಗಿಬಿಟ್ರಲ್ಲ!" ಹೆಡ್‌ಕ್ಲಾರ್ಕಿನ ಧ್ವನಿಯಲ್ಲಿ ಹಿಂದೆಂದೂ ಕೇಳದ ಸಕ್ಕರೆಯಿತ್ತು. "ನಿರ್ದೇಶಕರೇ ಫೋನ್ ಮಾಡಿದ್ರು. ಅವರ ತಾಯಿ ಇವತ್ತು ಅಲ್ಲಿಗೆ ಬಂದಿದ್ರಂತೆ. ಹದಿನೇಳನೇ ಕೋಣೆಲಿ ಕೈದಿಯಾಗಿ ಕೂತಿದ್ದು ಯಾರು ಅಂತ ಕೇಳಿದ್ರು. ಆಗ ಬಸ್ಸಲ್ಲಿ ನೋಡಿದ್ರೆ ನಿಮ್ಮ ಸೀಟು ಖಾಲಿ! ನಮ್ಮವರೇ ಸಾರ್ ಅಂದೆ."

"ಸಾರ್, ನಂಗೆ ಮೊದಲು ಮನೆಗೆ ಹೋಗೋಕೆ..."

"ಪೂರ್ತಿ ಕೇಳಿ. ಆ ತಾಯಿ ಎಪ್ಪತ್ತು ವರ್ಷದ ಮೇಲೆ ಇವತ್ತು ನೆಮ್ಮದಿಯಾಗಿ ನಕ್ಕರಂತೆ. ಅಂಥವರು ಅಲ್ಲಿರಲೇಬೇಕು ಅಂತ ನಿರ್ದೇಶಕರು ಹಟ ಹಿಡಿದಿದಾರೆ. ಸೋಮವಾರದಿಂದ ನಿಮಗೆ ಅದೇ ಕೋಣೆಲಿ ಡ್ಯೂಟಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದು. ಆದೇಶಕ್ಕೆ ಸಹಿ ಆಗಿದೆ."

"ಎಷ್ಟು ದಿನಕ್ಕೆ ಸಾರ್?" ಗುಮಾಸ್ತನಿಗೆ ತನ್ನ ದನಿಯೇ ದೂರದಿಂದ ಕೇಳಿಸಿತು.

"ದಿನ ಏನು ಬಂತು? ನಿವೃತ್ತಿ ತನಕ! ಇನ್ನು ಹನ್ನೊಂದು ವರ್ಷ ಯೋಚನೆ ಇಲ್ಲ ನಿಮಗೆ."

ಗುಮಾಸ್ತ ಫೋನನ್ನು ಕಂಬಿಯಾಚೆ ಚಾಚಿದ. ಕಾವಲುಗಾರ ಅಗಣಿ ಸರಿಸಿ ಬಾಗಿಲು ತೆಗೆದ. ಆದರೂ ಗುಮಾಸ್ತ ಕದಲಲಿಲ್ಲ.

"ಎಷ್ಟು ವರ್ಷ ಅಂದ್ರು?" ಕಾವಲುಗಾರ ಮೆಲ್ಲಗೆ ಕೇಳಿದ.

"ಹನ್ನೊಂದು."

ಕಾವಲುಗಾರ ಒಮ್ಮೆ ಗೋಡೆಯ ಗೀರುಗಳನ್ನು ನೋಡಿದ, ಒಮ್ಮೆ ಗುಮಾಸ್ತನನ್ನು ನೋಡಿದ.

"ಯುದ್ಧ ನಡೆದಿದ್ದೇ ನಾಲ್ಕು ವರ್ಷ, ಸ್ವಾಮಿ," ಎಂದ.