ಭಾವನ ಸಬ್‌ವೂಫರಿಗೆ ಬಡಿದ ಊರಿನ ತೆಂಗಿನಕಾಯಿ

ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ. ಮುಂಬಯಿ ಫೋರ್ಟಿನ ಆಫೀಸಿನಲ್ಲಿ ಸಾಹೇಬರ ಮುಂದೆ ದಿನವಿಡೀ ತೆಪ್ಪಗಿರುವ ಅದು, ನೆಂಟರ ಮುಂದೆ ಮಾತ್ರ ಹಗ್ಗ ಬಿಚ್ಚಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ಹೆಂಡತಿಯ ಅಣ್ಣ, ಅಂದರೆ ಕಾಂದಿವಲಿಯಲ್ಲಿ ಹೋಟೆಲು ನಡೆಸುವ ನಮ್ಮ ಭಾವ, ಕಾರಿನ ಡಿಕ್ಕಿಯಲ್ಲಿ ಧಂಧಂ ಎನ್ನುವ ದೊಡ್ಡದೊಂದು ಸ್ಪೀಕರ್, ಸಬ್‌ವೂಫರ್, ಹಾಕಿಸಿದರು. ಎದೆ ನಡುಗುವ ಹಾಗೆ ಹಾಡು ಕೇಳಿಸಿ, "ಹೇಗುಂಟು ಭಾವ?" ಎಂದು ಕೇಳಿದರು. "ನಿಮ್ಮ ಹೋಟೆಲಿನ ಗ್ರೈಂಡರ್ ಇದಕ್ಕಿಂತ ಇಂಪಾಗಿದೆ" ಎಂದೆ. ಅಷ್ಟೇ. ಮೂರು ವರ್ಷ ಮಾತಿಲ್ಲ, ಕತೆಯಿಲ್ಲ. ನನಗೇನು, ನಾನು ಆರಾಮಾಗಿದ್ದೆ. ಚೌತಿಗೂ ತವರಿಗೆ ಹೋಗಲಾಗದೆ ಅತ್ತವಳು ಹೆಂಡತಿ ಸುಮತಿ.

ಈ ವರ್ಷ ಹೇಗೋ ರಾಜಿಯಾಯಿತು. ಹತ್ತು ದಿನಕ್ಕೆ ಊರಿಗೆ ಹೊರಟ ಭಾವ ಕಾರಿನ ಕೀಯನ್ನು ನನ್ನ ಕೈಗೇ ಕೊಟ್ಟರು. ಸುಮತಿ ಸಂತೋಷ ತಾಳಲಾರದೆ ಅದನ್ನು ದೇವರ ಫೋಟೋದ ಮುಂದೆ ಇಟ್ಟಳು. ಅವರು ಮರಳುವ ಹಿಂದಿನ ದಿನ ಮಂಗಳೂರಿನ ಬಸ್ಸಿನಲ್ಲಿ ಊರಿನಿಂದ ನಮಗೊಂದು ಗೋಣಿ ತೆಂಗಿನಕಾಯಿಯ ಪಾರ್ಸೆಲ್ ಬಂತು. ಮುಂಬಯಿಯಲ್ಲಿ ತೆಂಗಿನಕಾಯಿಗೇನು ಬರವೇ? ಆದರೂ ನಮ್ಮವರ ಗಸಿಯ ಮಸಾಲೆ ರುಬ್ಬಲು ಊರಿನ ಕಾಯಿಯೇ ಆಗಬೇಕು. ನಮ್ಮ ಮನೆಯಿರುವ ದಹಿಸರಿನ ನಾಕಾದಲ್ಲಿ ಗೋಣಿ ಇಳಿಸಿಕೊಂಡು ಭಾವನ ಕಾರಿನ ಡಿಕ್ಕಿಗೆ ದಬ್ಬಿದೆ. ಮನೆ ಮುಟ್ಟುವಷ್ಟರಲ್ಲಿ ರಸ್ತೆಯ ಹೊಂಡಗಳು ತಮ್ಮ ಕೆಲಸ ಮುಗಿಸಿದ್ದವು. ಗೋಣಿಯ ಬಾಯಿ ಬಿಚ್ಚಿ, ಒಂದು ಕಾಯಿ ಸಬ್‌ವೂಫರಿನ ಕಪ್ಪು ಹಾಳೆಯನ್ನು ಸೀಳಿಕೊಂಡು ಒಳಗೆ ಹಾಯಾಗಿ ಕೂತಿತ್ತು. "ಅಣ್ಣನಿಗೆ ಗೊತ್ತಾದರೆ ನನ್ನ ತವರು ಇವತ್ತಿಗೆ ಮುಗಿಯಿತು" ಎಂದು ಸುಮತಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ಪೀಕರ್ ರಿಪೇರಿ ಮಾಡುವ ವಿಜಾಪುರದ ಬಸಪ್ಪನಿದ್ದಾನೆಂದು ಯಾರೋ ಹೇಳಿದರು. ಭಾವನ ಹೋಟೆಲು ಅಲ್ಲಿಂದ ಎರಡೇ ಗಲ್ಲಿ ಆಚೆ. ಅವರ ಸಪ್ಲಾಯರುಗಳು ಕಂಡುಬಿಟ್ಟಾರೆಂದು ಹೆದರಿ, ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡೇ ಕಾರಿನಿಂದ ಇಳಿದೆ. ಇಡೀ ಎಸ್ಟೇಟು ನನ್ನನ್ನೇ ನೋಡಿತು. ಬಸಪ್ಪ ಹಾಳೆಯನ್ನು ಮೆಲ್ಲಗೆ ಒತ್ತಿ ಕಿವಿಗೊಟ್ಟ. "ಹಾಳಿ ಅಷ್ಟ ಹರದಿಲ್ಲರಿ ಸರ, ಒಳಗ ತಂತಿ ಸುತ್ತಿದ ಕಾಯಿಲೂ ಬಾಗೇತಿ. ಎರಡೂ ಹೊಸಾವ ಬೇಕು. ಅಂಟು ಒಣಗಾಕ ಒಂದ ದಿನಾ ಬೇಕ್ರಿ."

"ನಾಳೆ ಸಂಜೆ ಭಾವ ಬರ್ತಾರಪ್ಪಾ!"

"ಭಾವ ಬರ್ತಾರಂತ ಅಂಟು ಲಗೂನ ಒಣಗತೈತೇನ್ರಿ?"

ಮರುದಿನ ಹೋದರೆ ಇನ್ನೊಂದು ಬಾಂಬು. ಕರೆಂಟಿಗೆ ಕಾಯಿಲ್ ಒಡ್ಡುವ ತಡೆಯನ್ನು ಓಮಿನಲ್ಲಿ ಅಳೆಯುತ್ತಾರಂತೆ, ಹಳೆಯ ಕಾಯಿಲ್ ನಾಲ್ಕು ಓಮಿನದಂತೆ. ಆ ಅಳತೆಗೆ ಈಗ ಸಿಕ್ಕಿದ್ದು ಎರಡು ಓಮಿನದು, ಅದನ್ನೇ ಹಾಕಿ ಅಂಟು ಒಣಗಿಸಿದ್ದ. ಸ್ಪೀಕರಿಗೆ ಶಕ್ತಿ ಕೊಡುವ ಹಳೆಯ ಆಂಪ್ಲಿಫೈಯರಿಗೆ ಅದನ್ನು ಜೋಡಿಸಿದರೆ, ತಡೆ ಕಡಿಮೆಯಾಗಿ ಕರೆಂಟು ಹೆಚ್ಚು ಹರಿದು ಆಂಪ್ಲಿಫೈಯರೇ ಕಾದು ಸುಟ್ಟುಹೋಗುತ್ತದಂತೆ. "ಹಾಗಾದರೆ ದೊಡ್ಡ ವಾಟಿನದೊಂದು ಹಾಕು ಮಾರಾಯ" ಎಂದೆ. "ಡಬ್ಬಿ ಮ್ಯಾಲ ಬರದ ವಾಟ್ ನಂಬಬ್ಯಾಡ್ರಿ. ಎರಡ ಓಮು ತಡಕೊಂಡು ತಾಸಗಟ್ಲೆ ಒಂದ ಸಮ ಎಷ್ಟ ಕೊಡತೈತಿ, ಅದನ್ನ ನೋಡ್ರಿ. ಸ್ಪೀಕರ್ ತಾಳೋದೂ ಅಷ್ಟ ಇರಬೇಕು. ಈ ಹಳೇದು ಬರೇ ಬಡಾಯಿ" ಎಂದ. ನಾನು ತಲೆಯಾಡಿಸಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಅವನು ಸರಿಹೊಂದುವ ಆಂಪ್ಲಿಫೈಯರ್ ಹುಡುಕಿ ತಂದು ತಂತಿ ಬಿಗಿಯುತ್ತಿರುವಾಗಲೇ ಭಾವನ ಫೋನು: "ಟ್ರೈನಿನಿಂದ ಇಳಿದೆ. ಸೀದಾ ನಿಮ್ಮಲ್ಲಿಗೇ ಬರ್ತೇನೆ." ದಹಿಸರಿನವರೆಗೆ ಹೇಗೆ ಕಾರು ಓಡಿಸಿದೆನೋ ಆ ದೇವರೇ ಬಲ್ಲ.

ಭಾವ ಆಗಲೇ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ನಿಂತಿದ್ದರು. ಕಾರಿನೊಳಗೆ ಕೂತವರೇ ಹಾಡು ಹಾಕಿದರು. ಹುಬ್ಬು ಮೇಲೇರಿತು. "ಇದೆಂತ ಭಾವ, ಇಷ್ಟು ಚಂದ ಕೇಳ್ತದೆ?" ಸುಮತಿ ಕಣ್ಣಲ್ಲೇ ಬೇಡಿಕೊಂಡಳು. ನನ್ನಿಂದ ತಡೆಯಲಾಗಲಿಲ್ಲ. ಗೋಣಿ, ಹೊಂಡ, ಕಾಯಿ, ಬಸಪ್ಪ, ಎಲ್ಲ ಒದರಿಬಿಟ್ಟೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿನ ಕಾಯಿ ಅಲ್ವಾ ಮಾರಾಯ್ರೆ, ಬಿಡಿ! ಅದಕ್ಕೆಲ್ಲ ಎಂತ ಬೇಜಾರು?" ಸುಮತಿ ಕಣ್ಣೊರೆಸಿಕೊಂಡು ಚಹಾ ತರಲು ಓಡಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ! "ಅಲ್ಲ ಭಾವ, ನಿಜವಾದ ತೊಂದರೆ ನಿಮ್ಮ ಹಳೆಯ ಆಂಪ್ಲಿಫೈಯರಿನದು" ಎಂದು ಶುರುಮಾಡಿದೆ. ಓಮು, ವಾಟು, ಒಂದನ್ನೂ ಬಿಡಲಿಲ್ಲ. "ಡಬ್ಬಿ ನೋಡಿ ಮರುಳಾಗುವವರು ಮಾತ್ರ ಅಂಥದ್ದು ಕೊಳ್ಳುವುದು" ಎಂದು ಮುಗಿಸಿದೆ. ಭಾವನ ನಗು ನಿಂತಿತು. "ಅದನ್ನು ಆರಿಸಿದ್ದು ನಾನೇ" ಎಂದರು. "ಆರು ಅಂಗಡಿ ಸುತ್ತಿ."

ಸುಮತಿ ಚಹಾದ ಟ್ರೇ ಹಿಡಿದು ಕೆಳಗೆ ಬರುವಾಗ ಕಾರು ಹೊರಟಾಗಿತ್ತು. ರಸ್ತೆಯ ತಿರುವು ದಾಟುವವರೆಗೂ ಹಾಡಿನ ಸದ್ದು ಕೇಳುತ್ತಲೇ ಇತ್ತು. ಹೊಸ ಕಾಯಿಲಿಗೆ ಮೊದಲ ದಿನವೇ ಅಷ್ಟು ಸೌಂಡು ಕೊಡಬಾರದು. ಅದನ್ನೊಂದು ಹೇಳಿಬಿಡೋಣವೆಂದು ಫೋನ್ ತೆಗೆದೆ. ಸುಮತಿ ಟ್ರೇಯನ್ನು ನೆಲದ ಮೇಲಿಟ್ಟು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.